ಹಿತ್ತಲ ಶೆಡ್ಡಿನ ಅಂಟು

ನನಗೆ ಬಂದ ಕಾಯಿಲೆಗೆ ನಮ್ಮ ಕಡೆ ಹೆಸರಿರಲಿಲ್ಲ. ಹೆಸರಿಲ್ಲದ ಕಾಯಿಲೆಗೆ ಜನ ತಮಗೆ ಗೊತ್ತಿರುವ ಹೆಸರುಗಳನ್ನೇ ಇಡುತ್ತಾರೆ. ಕೆಲವರು ಅಮ್ಮ ಬಂದಿದ್ದಾಳೆ ಎಂದರು. ಕೆಲವರು ಯಾರದೋ ಕಣ್ಣು ಬಿದ್ದಿದೆ ಎಂದರು. ಇನ್ನು ಕೆಲವರು ಏನೂ ಹೇಳದೆ, ನಮ್ಮ ಜಗುಲಿಯಲ್ಲಿ ಆಡುತ್ತಿದ್ದ ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ಹಾಗೆ ಹೋದವರ ಮನಸ್ಸಿನಲ್ಲಿದ್ದದ್ದು ಯಾವ ಹೆಸರು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕನ್ನಡಿ ನೋಡಿಕೊಂಡಾಗ ನನ್ನ ಮನಸ್ಸಿಗೂ ಅದೇ ಬರುತ್ತಿತ್ತು. ಇವತ್ತು ಎಲ್ಲೋ ಒಂದು ಒಳಕೋಣೆಯಲ್ಲಿ, ರೆಪ್ಪೆ ಊದಿ, ಬೆರಳು ಬಿರಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತವರು ಯಾರಾದರೂ ಇದ್ದರೆ, ಅವರ ಪಕ್ಕ ಕುಳಿತು ಹೇಳುವ ಹಾಗೆ ಇದನ್ನು ಹೇಳಬೇಕೆನ್ನಿಸಿದೆ.

ಆಗ ಎಪ್ಪತ್ತರ ದಶಕ ಶುರುವಾಗಿತ್ತು. ನಾವು ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡದವರು; ನನ್ನ ತವರು ಪೆನ್ನಾಗರಂ ಕಡೆ. ಮದುವೆಯಾಗಿ ಬಂದದ್ದು ನಲ್ಲಂಪಳ್ಳಿಯ ಹತ್ತಿರದ ಹಳ್ಳಿಗೆ, ನನ್ನ ಅಪ್ಪನ ಸ್ವಂತ ಅಕ್ಕನ ಮನೆಗೆ. ಅತ್ತೆಯ ಮಗ ಮಾದೇಶನನ್ನು ನಾನು ಲಂಗ ಉಟ್ಟುಕೊಂಡು ಓಡಾಡುವ ಕಾಲದಿಂದಲೂ ‘ಮಾವ’ ಎಂದು ಕರೆಯುತ್ತಿದ್ದೆ. ಗಂಡನಾದ ಮೇಲೂ ಅವರು ನನಗೆ ಮಾವನೇ.

ಅವರು ಶಂಕಗಿರಿಯಲ್ಲಿ ಲಾರಿಗೆ ಬಾಡಿ ಕಟ್ಟುವ ಕಡೆ ಮರಗೆಲಸ ಕಲಿತವರು. ಆಮೇಲೆ ಊರಿಗೆ ಬಂದು ಹಿತ್ತಲಲ್ಲಿ ತಗಡು ಹೊದಿಸಿದ ಶೆಡ್ಡು ಹಾಕಿ ಸ್ವಂತ ಕೆಲಸ ಶುರುಮಾಡಿದರು. ಲಾರಿಯ ಮುಂದಿನ ಗಾಜಿನ ಮೇಲೆ ಕೂರಿಸುವ ಬೋರ್ಡುಗಳ ಕೆಲಸ ಅದು. ತೇಗದ ಹಲಗೆಯನ್ನು ನುಣ್ಣಗೆ ಉಜ್ಜಿ, ಅದರ ಮೇಲೆ ಹಿತ್ತಾಳೆ ತಗಡಿನಲ್ಲಿ ಕೊರೆದ ಅಕ್ಷರಗಳನ್ನು ಕೂರಿಸಬೇಕು. ದೇವರ ಹೆಸರು, ಇಲ್ಲವೇ ಓನರ್ ಮಗಳ ಹೆಸರು. ಮೊದಲು ಸಣ್ಣ ಮೊಳೆ ಹೊಡೆಯುತ್ತಿದ್ದರು. ತೊಪ್ಪೂರು ಘಾಟಿ ಹತ್ತಿ ಇಳಿಯುವ ಲಾರಿಗಳ ಕುಲುಕಾಟಕ್ಕೆ ಮೊಳೆ ಸಡಿಲವಾಗಿ ‘ಮುರುಗನ್ ತುಣೈ’, ಮುರುಗನೇ ದಿಕ್ಕು ಎಂಬ ಬರಹದಲ್ಲಿ ಯಾವುದಾದರೂ ಒಂದು ಅಕ್ಷರ ಉದುರಿ ಹೋಗುತ್ತಿತ್ತು. ಓನರುಗಳು ಬಂದು ಗಲಾಟೆ ಮಾಡುತ್ತಿದ್ದರು.

ಹಾಗಿರುವಾಗ ಸೇಲಂನ ಅಂಗಡಿಯೊಂದರಲ್ಲಿ ಮಾವನಿಗೆ ಎಪಾಕ್ಸಿ ಎನ್ನುವ ಹೊಸ ಅಂಟು ಸಿಕ್ಕಿತು. ಎರಡು ಡಬ್ಬಿ. ಒಂದರಲ್ಲಿ ಜೇನಿನಂತೆ ಮಂದವಾದ ರಾಳ, ಇನ್ನೊಂದರಲ್ಲಿ ಮೂಗಿಗೆ ಹೊಡೆಯುವ ವಾಸನೆಯ ಹಳದಿ ದ್ರವ. ಬೇರೆ ಬೇರೆ ಇದ್ದರೆ ಎರಡೂ ಏನೂ ಮಾಡುವುದಿಲ್ಲ. ಕಲಸಿದರೆ ಕಲ್ಲಿನಂತಾಗುತ್ತದೆ. ಹಿತ್ತಾಳೆಯನ್ನು ಮರಕ್ಕೆ ಹಿಡಿಸಿದರೆ ಉಳಿ ಹಾಕಿ ಎಬ್ಬಿಸಿದರೂ ಏಳುತ್ತಿರಲಿಲ್ಲ.

ಕಲಸುವ ಕೆಲಸ ನನ್ನದಾಯಿತು. ಮಾವನಿಗೆ ಆತುರ. ನನಗೆ ತಾಳ್ಮೆಯಿತ್ತು. ಕಡ್ಡಿಯಲ್ಲಿ ತಿರುವುತ್ತಿದ್ದರೆ ಮೊದಲು ಎರಡು ಬಣ್ಣ ಗೆರೆ ಗೆರೆಯಾಗಿ ಓಡುತ್ತದೆ. ಆ ಗೆರೆಗಳೆಲ್ಲ ಕರಗುವವರೆಗೂ ತಿರುವಬೇಕು, ಇಲ್ಲದಿದ್ದರೆ ಅಲ್ಲಲ್ಲಿ ಜಿಗುಟಾಗಿಯೇ ಉಳಿದುಬಿಡುತ್ತದೆ. ಒಂದೇ ಸಲ ಜಾಸ್ತಿ ಕಲಸಲೂ ಬಾರದು. ಮಾವ ಒಮ್ಮೆ ಬೇಗ ಮುಗಿಸೋಣವೆಂದು ಕೊಬ್ಬರಿ ಚಿಪ್ಪಿನ ತುಂಬ ಕಲಸಿಟ್ಟರು. ನೋಡುನೋಡುತ್ತಿದ್ದಂತೆ ಅದು ತಾನಾಗಿಯೇ ಬಿಸಿಯಾಗಿ ಹೊಗೆಯಾಡಿತು. ಚಿಪ್ಪನ್ನು ಹಿತ್ತಲಿಗೆ ಎಸೆದು ಇಬ್ಬರೂ ಹೊರಗೆ ಓಡಿದೆವು. ಅದನ್ನು ನೆನೆದು ಎಷ್ಟೋ ದಿನ ನಗುತ್ತಿದ್ದೆವು. ಆ ಹೊಗೆಯನ್ನು ಎಳೆದುಕೊಳ್ಳಬಾರದು ಎಂದು ಹೇಳುವವರು ಯಾರೂ ಇರಲಿಲ್ಲ.

ಅಕ್ಷರವನ್ನು ಹಲಗೆಗೆ ಒತ್ತಿದಾಗ ಅಂಚಿನಲ್ಲಿ ಅಂಟು ಉಬ್ಬಿ ಬರುತ್ತದೆ. ಅದನ್ನು ಬೆರಳಲ್ಲೇ ಒರೆಸುತ್ತಿದ್ದೆ. ಬೆರಳಿಗೆ ಹತ್ತಿದ್ದನ್ನು ಥಿನ್ನರ್ ಹಾಕಿ ತೊಳೆಯುತ್ತಿದ್ದೆ. ಕೈ ಸುರುಟಿದಂತಾದರೂ ಅಂಟು ಹೋಯಿತಲ್ಲ ಎಂದು ಸಮಾಧಾನ. ನಿಜ ಹೇಳಬೇಕೆಂದರೆ ನನಗೆ ಆ ಕೆಲಸ ಬಹಳ ಇಷ್ಟವಾಗಿತ್ತು. ಹೈವೇಯಲ್ಲಿ ನಮ್ಮ ಬೋರ್ಡಿನ ಲಾರಿ ಬಿಸಿಲಿಗೆ ಹೊಳೆಯುತ್ತಾ ಹೋದರೆ, ಅದರಲ್ಲಿ ನನ್ನ ಕೈಯೂ ಇದೆ ಎಂದು ಎದೆ ತುಂಬುತ್ತಿತ್ತು.

ಹಾಗೆಯೇ ಒಂದು ವರ್ಷಕ್ಕೂ ಹೆಚ್ಚು ಕಾಲ ಏನೂ ಆಗಲಿಲ್ಲ. ಮೊದಲ ದಿನವೇ ಆಗಿದ್ದರೆ ಯಾರಿಗಾದರೂ ಹೊಳೆಯುತ್ತಿತ್ತು.

ಶುರುವಾದದ್ದು ಬೆರಳ ಸಂದಿಯ ನವೆಯಿಂದ. ಪಾತ್ರೆ ತೊಳೆಯುವ ಬೂದಿ ಇರಬೇಕು ಎಂದುಕೊಂಡೆ. ಆಮೇಲೆ ಚರ್ಮ ಬಿರಿಯಿತು. ರಾಗಿ ಮುದ್ದೆ ತಿರುವಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಬೆಳಿಗ್ಗೆ ಎದ್ದು ಕುಳಿತವಳಿಗೆ ಕಣ್ಣು ಬಿಡಲು ಆಗಲಿಲ್ಲ. ರೆಪ್ಪೆಗಳು ಬನ್ನಿನಂತೆ ಊದಿಕೊಂಡಿದ್ದವು. ಕೆನ್ನೆ, ಕತ್ತು ಕೆಂಪಾಗಿ, ಸಣ್ಣ ಗುಳ್ಳೆಗಳೆದ್ದು ನೀರು ಜಿನುಗುತ್ತಿತ್ತು.

ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. “ಅಯ್ಯೋ ನನ್ನವ್ವ, ಅಮ್ಮ ಬಂದವ್ಳೆ! ಮಾದೇಶ, ಆ ಶೆಡ್ ಬಾಗ್ಲು ಆಕು. ಅಮ್ಮ ಓಗೋಗಂಟ ಈ ಮನ್ಯಾಗೆ ಸುತ್ಗೆ ಸದ್ದೂ ಕೇಳ್ಬಾರ್ದು, ಒಗ್ಗರ್ಣೆ ವಾಸ್ನೆನೂ ಬರ್ಬಾರ್ದು.”

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ನನ್ನನ್ನು ಬೇವಿನೆಲೆಯ ಮೇಲೆ ಮಲಗಿಸಿ ಮಜ್ಜಿಗೆ ಕುಡಿಸಿದರು. ಶೆಡ್ಡು ಮುಚ್ಚಿತು. ಮುಖ ಇಳಿಯುತ್ತಾ ಬಂತು. ಅಮ್ಮ ಇಳಿದಳೆಂದು ನನಗೆ ನೀರು ಹುಯ್ದದ್ದೂ ಆಯಿತು. ಅತ್ತೆ ಮಾರಿಯಮ್ಮನಿಗೆ ಹರಕೆ ತೀರಿಸಿ ಬಂದರು. ಮಾವ ಶೆಡ್ಡಿನ ಬಾಗಿಲು ತೆಗೆದರು. ನಾನು ಮತ್ತೆ ಕಡ್ಡಿ ಹಿಡಿದೆ. ಮಾರನೆಯ ದಿನವೇ ರೆಪ್ಪೆ ಊದಿತು, ಮೊದಲಿಗಿಂತ ಹೆಚ್ಚಾಗಿ.

ಈ ಸಲ ಅತ್ತೆ ಬೇವು ತರಲಿಲ್ಲ. “ಅಮ್ಮ ಒಂದ್ಕಿತ ಓದ್ಮೇಲೆ ಇಂಗೆ ತಿರುಗ್ ಬರಾಕಿಲ್ಲ ಕಣೋ,” ಎಂದು ಮಗನಿಗೆ ಮೆಲ್ಲಗೆ ಹೇಳಿದರು. “ಇದು ಬ್ಯಾರೆ ಏನೋ.”

ಪಕ್ಕದ ಊರಲ್ಲಿ ಮದ್ದು ಕೊಡುತ್ತಿದ್ದವರೊಬ್ಬರು ನನ್ನನ್ನು ಬಾಗಿಲಾಚೆಯೇ ನಿಲ್ಲಿಸಿ ನೋಡಿದರು. ಮಾವನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಏನೋ ಹೇಳಿದರು. ನನಗೆ ಕೇಳಿದ್ದು ಒಂದೇ ಮಾತು: ‘ಪೆರುವ್ಯಾಧಿ’. ದೊಡ್ಡರೋಗ, ಕುಷ್ಠ. ಆ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಆ ಕಾಯಿಲೆ ಕಾಣದ ಊರಿರಲಿಲ್ಲ. ಬಂದವರನ್ನು ಏನು ಮಾಡುತ್ತಿದ್ದರೆಂದೂ ನಾವು ಕಂಡಿದ್ದೆವು.

ಕೆಲವು ದಿನ ತವರಿಗೆ ಹೋಗಿ ಇರುವುದೆಂದಾಯಿತು. ಪೆನ್ನಾಗರಂನ ನಮ್ಮ ಮನೆಯಲ್ಲಿ ಕುರಿ ಮಂದೆ, ಒಣಹೊಲ, ಹುರುಳಿ ಸಾರು. ಅಲ್ಲಿ ನಾನು ಯಾವ ಮದ್ದನ್ನೂ ತೆಗೆದುಕೊಳ್ಳಲಿಲ್ಲ. ಆದರೂ ಗುಳ್ಳೆ ಒಣಗಿತು, ಹೊಸ ಚರ್ಮ ಬಂತು. ಅವ್ವನಿಗೆ ಸಂತೋಷ. ಆದರೆ ಸಂತೋಷದ ಬೆನ್ನಿಗೇ ಮಾತುಗಳೂ ಹುಟ್ಟಿಕೊಂಡವು. ಗಂಡನ ಮನೆಯಲ್ಲಿದ್ದರೆ ಹುಣ್ಣು, ತವರಿಗೆ ಬಂದರೆ ಮಾಯ, ಇದೆಂಥ ಕಾಯಿಲೆಯಪ್ಪ? ಸೊಸೆಗೆ ಅತ್ತೆಮನೆ ಬೇಡವಾಗಿದೆ, ಅಷ್ಟೇ. ಬಾವಿಯ ಹತ್ತಿರ ಹೆಂಗಸರು ನನಗೆ ಕೇಳುವ ಹಾಗೆಯೇ ಆಡಿಕೊಂಡರು.

ಒಂದು ಭಾನುವಾರ ಮಾವ ನನ್ನನ್ನು ನೋಡಲು ಬಂದರು. ಅರ್ಜೆಂಟ್ ಬೋರ್ಡೊಂದನ್ನು ಉಜ್ಜಿ ಮುಗಿಸಿ, ಹಾಕಿದ್ದ ಅಂಗಿಯಲ್ಲೇ ಬಸ್ಸು ಹತ್ತಿದ್ದರು. ನನ್ನ ಮುಖ ತಿಳಿಯಾಗಿರುವುದನ್ನು ಕಂಡು ಅವರ ಕಣ್ಣು ತುಂಬಿತು. ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದರು. ನಾನು ಅವರ ಹೆಗಲಿಗೆ ತಲೆಯಿಟ್ಟು ತುಂಬ ಹೊತ್ತು ಅತ್ತುಬಿಟ್ಟೆ. ಅವರು ಸಂಜೆಯ ಬಸ್ಸಿಗೆ ಹೊರಟರು. ಬೆಳಗಾಗುವಷ್ಟರಲ್ಲಿ ನನ್ನ ಮುಖ ಮತ್ತೆ ಊದಿತ್ತು.

ಅವ್ವ ಗೋಡೆಗೆ ಒರಗಿ ಕುಳಿತುಬಿಟ್ಟಳು. “ಅವ್ನು ಮುಟ್ಟಿದ್ರೇ ಇಂಗಾಗ್ತೈತಲ್ಲೇ ಸರ್ಸು. ಅವ್ನೇ ಆಗ್ದೆ ಓದ್ನಾ ನಿಂಗೆ?”

ಆ ಮಾತು ನನ್ನನ್ನು ಕುಗ್ಗಿಸಿದಷ್ಟು ಪೆರುವ್ಯಾಧಿ ಎಂಬ ಮಾತೂ ಕುಗ್ಗಿಸಿರಲಿಲ್ಲ. ಕಾಯಿಲೆಯಾದರೆ ಮದ್ದಿರಬಹುದು. ಚಿಕ್ಕಂದಿನಿಂದ ಇಷ್ಟಪಟ್ಟ ಮನುಷ್ಯನೇ ಮೈಗೆ ಆಗುವುದಿಲ್ಲ ಎಂದರೆ ಏನು ಮಾಡುವುದು? ಮಾತು ಹೇಗೋ ನಲ್ಲಂಪಳ್ಳಿಗೂ ಮುಟ್ಟಿತು. ಮುಂದಿನ ಸಲ ಮಾವ ಬಂದಾಗ ಅಂಗಳದ ಬೇಲಿಯ ಹತ್ತಿರವೇ ನಿಂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಒಂದು ಚೀಲ ಕಡಲೆಕಾಯಿಯನ್ನು ಕಲ್ಲಿನ ಮೇಲಿಟ್ಟು ಅಲ್ಲಿಂದಲೇ ಕೇಳಿದರು.

“ಊಟ ಮಾಡ್ತಿದ್ದೀಯಾ?”

“ಮಾಡ್ತೀನಿ.”

“ಕಣ್ಣು ಕಾಣ್ತೈತಾ ಸಂದಾಕೆ?”

“ಕಾಣ್ತೈತೆ ಮಾವ. ಒಳಿಕೆ ಬಾ.”

“ಬ್ಯಾಡ ಸರ್ಸು. ನಾನ್ ಬಂದ್ರೆ ನಿಂಗೇ ಕಷ್ಟ.”

ನಮ್ಮ ಕುರಿಗಳು ಅವರ ಕಾಲು ಮೂಸಿಕೊಂಡು ಹೋಗುತ್ತಿದ್ದವು. ಅವುಗಳಿಗಿದ್ದ ಅವಕಾಶ ನನಗಿರಲಿಲ್ಲ. ಅವರು ತಿರುಗಿ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಅದಾದ ಮೇಲೆ ಒಂದು ದಿನ ಅತ್ತೆಯೇ ಬಂದರು. ನಾನು ಹೆದರಿದೆ. ಮಗನಿಗೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಹೇಳಲು ಬಂದಿದ್ದಾರೆ ಅನ್ನಿಸಿತು. ನಮ್ಮ ಕಡೆ ಅಂಥದ್ದು ನಡೆಯುತ್ತಿತ್ತು. ಅತ್ತೆ ನೀರೂ ಕುಡಿಯದೆ ನನ್ನ ಅಪ್ಪನ ಮುಂದೆ ನಿಂತರು.

“ತಮ್ಮಾ, ಇವ್ಳನ್ನ ನಾನ್ ಸೇಲಂ ಆಸ್ಪತ್ರಿಗೆ ಕರ್ಕೊಂಡೋಯ್ತೀನಿ. ಏನೇ ಇರ್ಲಿ, ತಿಳ್ಕೊಂಬಿಡಾನ. ತಿಳೀದೆ ಇರಾದೇ ಇವ್ಳನ್ನ ತಿಂತಾ ಐತೆ.” ಆಮೇಲೆ ನನ್ನ ಕಡೆ ತಿರುಗಿ, “ಏಳು, ಸೀರೆ ಉಡು. ಅವ್ನು ಬಸ್‌ಸ್ಟಾಂಡಾಗೆ ನಿಂತವ್ನೆ,” ಎಂದರು.

ಬಸ್ಸಿನಲ್ಲಿ ಮಾವ ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಹಿಂದೆ.

ಸೇಲಂನ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಉದ್ದನೆಯ ವರಾಂಡ. ಗೋಡೆಗೆ ಸೇರಿಸಿ ಹಾಕಿದ ಬೆಂಚುಗಳು, ಫಿನಾಯಿಲ್ ವಾಸನೆ. ಕೈಬೆರಳು ಮೊಟಕಾದವರು, ಕಾಲಿಗೆ ಬಟ್ಟೆ ಸುತ್ತಿದವರು ಕುಳಿತಿದ್ದರು. ನಾನು ಕುಳಿತುಕೊಳ್ಳಲಾಗದೆ ಕಂಬ ಹಿಡಿದು ನಿಂತೆ. ಅವರ ನಡುವೆ ಕುಳಿತರೆ ಅವರಲ್ಲೊಬ್ಬಳಾಗಿಬಿಡುತ್ತೇನೆ ಎಂಬ ಭಯ. ಬೆರಳಿಲ್ಲದ ಹೆಂಗಸೊಬ್ಬಳು ನನ್ನನ್ನು ನೋಡಿ ಸರಿದು ಜಾಗ ಮಾಡಿದಳು. “ಉಕ್ಕಾರಮ್ಮಾ, ರೊಂಬ ನೇರಂ ಆಗುಂ,” ಎಂದಳು. ತುಂಬ ಹೊತ್ತಾಗುತ್ತದೆ, ಕೂತುಕೋ ಎಂದು. ಅವಳ ದನಿಯಲ್ಲಿದ್ದ ಸಹಜತೆಗೆ ನನಗೆ ನಾಚಿಕೆಯಾಯಿತು. ಕುಳಿತೆ. ಅವಳು ತನ್ನ ಮಗಳ ಮದುವೆ ಮಾತುಕತೆಯ ವಿಷಯ ಹೇಳತೊಡಗಿದಳು. ಕೇಳುತ್ತಾ ಕೇಳುತ್ತಾ ನಾನು ನಿಜವಾಗಿಯೂ ಆ ಹುಡುಗನ ಕೆಲಸದ ಬಗ್ಗೆ ವಿಚಾರಿಸತೊಡಗಿದ್ದೆ.

ಡಾಕ್ಟರು ವಯಸ್ಸಾದವರು, ಮಿತವಾದ ಮಾತು. ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ನನ್ನ ಕಣ್ಣು ಮುಚ್ಚಿಸಿ ಹತ್ತಿಯಲ್ಲಿ ಕೈ ಸವರಿದರು, ಪಿನ್ನಿನಿಂದ ಚುಚ್ಚಿದರು. ಎಲ್ಲೆಲ್ಲಿ ಮುಟ್ಟಿದರೋ ಅಲ್ಲೆಲ್ಲ ನಾನು ‘ತೆರಿಯುದು’, ಗೊತ್ತಾಗುತ್ತದೆ ಎನ್ನುತ್ತಿದ್ದೆ. ಮೊಣಕೈಯ ನರ ಒತ್ತಿ ನೋಡಿದರು. ಕೊನೆಗೆ ತಲೆಯಾಡಿಸಿ, “ಪೆರುವ್ಯಾಧಿ ಇಲ್ಲೆಮ್ಮಾ,” ಎಂದರು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತರು. ಇಷ್ಟು ದಿನ ಆ ಭಯವನ್ನು ಅವರೂ ಹೊತ್ತುಕೊಂಡಿದ್ದರೆಂದು ನನಗೆ ಗೊತ್ತಾದದ್ದು ಆಗಲೇ.

ಮತ್ತೆ ಏನು? ಡಾಕ್ಟರು ಮುಲಾಮು, ಮಾತ್ರೆ ಬರೆದುಕೊಟ್ಟರು. ಮುಖ ಇಳಿದ ಮೇಲೆ ಮತ್ತೆ ಬರಬೇಕು, ಬರುವಾಗ ನಾನು ಮನೆಯಲ್ಲಿ ಮುಟ್ಟುವ ಪ್ರತಿಯೊಂದು ವಸ್ತುವಿನಲ್ಲೂ ಚೂರು ಚೂರು ಕಟ್ಟಿ ತರಬೇಕು ಎಂದರು. ಅತ್ತೆ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಅರಿಶಿನ, ಕುಂಕುಮ, ಸೀಗೆಪುಡಿ, ಹುಣಸೆಹಣ್ಣು, ರಾಗಿಹಿಟ್ಟು, ಪಾತ್ರೆ ತೊಳೆಯುವ ಬೂದಿ, ಎಮ್ಮೆಯ ಹಗ್ಗದ ತುಂಡು ಕೂಡ ಗಂಟು ಕಟ್ಟಿದರು. ಮಾವ ತೇಗದ ಪುಡಿ, ಹಿತ್ತಾಳೆ ಚೂರು, ಅಂಟಿನ ಡಬ್ಬಿಗಳನ್ನು ತಂದರು. ಡಾಕ್ಟರ ಮೇಜಿನ ಮೇಲೆ ಅವೆಲ್ಲವನ್ನೂ ಹರಡಿದ ಮೇಲೆ, ಕಂಕುಳಲ್ಲಿ ಮಡಿಸಿಟ್ಟುಕೊಂಡಿದ್ದ, ಆ ಭಾನುವಾರ ಹಾಕಿದ್ದ ತಮ್ಮ ಅಂಗಿಯನ್ನೂ ತೆಗೆದಿಟ್ಟರು.

“ಇದು ಯಾತಕ್ಕೆ?” ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು.

“ನಾನೇ ಇವಳಿಗೆ ಆಗ್ತಿಲ್ಲ ಅಂತ ಹೇಳ್ತಾರೆ ಸಾರ್,” ಎಂದರು ಮಾವ, ತಲೆಯೆತ್ತದೆ. “ಅದನ್ನೂ ನೋಡಿಬಿಡಿ. ನಾನೇ ಆಗಿದ್ರೆ, ನಾನು ದೂರ ಇರ್ತೀನಿ.”

ಡಾಕ್ಟರು ನಗಲಿಲ್ಲ. ಅಂಗಿಯನ್ನು ಕೈಗೆತ್ತಿಕೊಂಡು, ತೋಳಿನ ಮೇಲೆ ಹಿಡಿದಿದ್ದ ಬಿಳಿಯ ಧೂಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇದನ್ನು ಹಾಕಿಕೊಂಡಿದ್ದ ದಿನ ಏನು ಕೆಲಸ ಮಾಡಿದ್ದಿರಿ, ಅಂಟು ಪೂರ್ತಿ ಒಣಗಿತ್ತೇ, ಕಲಸುವವರು ಯಾರು ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಆ ವಸ್ತುಗಳಲ್ಲಿ ಬೇಕಾದವನ್ನು ಆರಿಸಿ, ಅಂಟನ್ನು ಯಾವುದರಲ್ಲೋ ತೀರ ತೆಳುವಾಗಿ ಬೆರೆಸಿ, ನನ್ನ ಬೆನ್ನಿನ ಮೇಲೆ ಸಾಲಾಗಿ ಇಟ್ಟು ಪ್ಲಾಸ್ಟರ್ ಹಚ್ಚಿಸಿದರು. ಎರಡು ದಿನ ನೀರು ಸೋಕಬಾರದು, ಬೆವರಬಾರದು.

ಸೇಲಂನ ಬೇಸಿಗೆಯಲ್ಲಿ ಬೆವರದೆ ಇರುವುದು! ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ಇಳಿದುಕೊಂಡೆವು. ಅತ್ತೆ ಬೀಸಣಿಗೆ ಹಿಡಿದು ನನ್ನ ಬೆನ್ನಿಗೆ ಗಾಳಿ ಹಾಕುತ್ತಲೇ ಇದ್ದರು. ಕೈ ಸೋತರೆ ಇನ್ನೊಂದು ಕೈ. ನಾನು ಬೇಡವೆಂದರೆ, “ಸುಮ್ಕಿರು. ನಿಂಗೆ ಅಂತ ಬೀಸ್ತಿಲ್ಲ, ಆ ಪಿಲಾಸ್ಟ್ರಿಗೆ ಬೀಸ್ತಾ ಇವ್ನಿ,” ಎನ್ನುತ್ತಿದ್ದರು. ತಿಂಗಳುಗಳ ಮೇಲೆ ನಾನು ನಕ್ಕದ್ದು ಅಲ್ಲಿಯೇ. ಮಾವ ದೂರದಲ್ಲಿ ಕಂಬಕ್ಕೆ ಒರಗಿ ಕುಳಿತು ನಾವು ನಗುವುದನ್ನು ನೋಡುತ್ತಿದ್ದರು.

ಪ್ಲಾಸ್ಟರ್ ಕಿತ್ತಾಗ ಅರಿಶಿನದ ಜಾಗ ತಿಳಿಯಾಗಿತ್ತು. ಸೀಗೆ, ಬೂದಿ, ತೇಗ, ಹಿತ್ತಾಳೆ ಯಾವುದಕ್ಕೂ ಏನೂ ಆಗಿರಲಿಲ್ಲ. ರಾಳದ ಡಬ್ಬಿಯದನ್ನು ಇಟ್ಟಿದ್ದ ಜಾಗ ಮಾತ್ರ ಕೆಂಪಾಗಿ ಉಬ್ಬಿ ಗುಳ್ಳೆಯೆದ್ದಿತ್ತು. ಡಾಕ್ಟರು ಮಾವನನ್ನು ಹತ್ತಿರ ಕರೆದು ನನ್ನ ಬೆನ್ನು ತೋರಿಸಿದರು.

“ನೀ ಇಲ್ಲೆಪ್ಪಾ,” ಎಂದರು. ನೀನಲ್ಲಪ್ಪ. “ಅಂಟು.”

ಮಾವ ಬಗ್ಗಿ ಆ ಕೆಂಪು ಗುರುತನ್ನು ನೋಡಿದರು. ಆಮೇಲೆ ಮೆಲ್ಲಗೆ ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟು ಜನರ ಎದುರಿಗೆ ಅವರು ಹಾಗೆ ಮಾಡಿದವರಲ್ಲ.

ಆದರೆ ಸಂತೋಷದ ಜೊತೆಗೆ ಇನ್ನೊಂದು ಮಾತನ್ನೂ ಡಾಕ್ಟರು ಹೇಳಿದರು. ಮೈ ಒಂದು ಸಲ ಈ ರಾಳದ ಮೇಲೆ ಹಗೆ ಕಟ್ಟಿಕೊಂಡರೆ ಬಿಡುವುದಿಲ್ಲ, ಸಾಯುವವರೆಗೂ ಇರುತ್ತದೆ. ರಾಜಿ ಮಾಡಿಸುವ ಮದ್ದಿಲ್ಲ. ಪೂರ್ತಿ ಗಟ್ಟಿಯಾದ ಅಂಟು ಏನೂ ಮಾಡದು. ಹಸಿ ಅಂಟು, ಅರೆ ಒಣಗಿದ್ದನ್ನು ಉಜ್ಜಿದ ಧೂಳು, ಅದು ಹತ್ತಿದ ಬಟ್ಟೆ ಯಾವುದೂ ನನ್ನ ಹತ್ತಿರ ಬರಬಾರದು. ಥಿನ್ನರಿನಲ್ಲಿ ಕೈ ತೊಳೆದದ್ದು ಬೆಂಕಿಗೆ ಎಣ್ಣೆ ಹಾಕಿದ ಹಾಗಾಗಿತ್ತು. ಅದು ಅಂಟನ್ನು ಚರ್ಮದ ಒಳಕ್ಕೇ ಕಳಿಸುತ್ತಿತ್ತಂತೆ. ಮಾವನಿಗೆ ಇವತ್ತು ಏನೂ ಆಗಿಲ್ಲವೆಂದರೆ ನಾಳೆಯೂ ಆಗುವುದಿಲ್ಲ ಎಂದಲ್ಲ, ಅವರೂ ಬರಿಗೈಯಲ್ಲಿ ಮುಟ್ಟಬಾರದು ಎಂದರು.

ಬಸ್ಸಿನಲ್ಲಿ ಈ ಸಲ ಮಾವ ನನ್ನ ಪಕ್ಕದಲ್ಲೇ ಕುಳಿತರು. ತೊಪ್ಪೂರು ಘಾಟಿ ಏರುವಾಗ, “ಶೆಡ್ ಕಿತ್ತಾಕ್ತೀನಿ. ತಿರ್ಗಾ ಶಂಕಗಿರಿಗೆ ಓಗ್ತೀನಿ. ವಾರಕ್ಕೊಂದ್ಕಿತ ಬತ್ತೀನಿ,” ಎಂದರು.

“ಅಂಗಾದ್ರೆ ಈ ಆಸ್ಪತ್ರಿಗೆಲ್ಲಾ ಅಲೆದಿದ್ದು ಯಾತಕ್ಕೆ?” ಎಂದೆ. “ಅಂಟು ದೂರ ಇರ್ಬೇಕು ಅಂದ್ರು. ನೀನು ದೂರ ಇರ್ಬೇಕು ಅಂದ್ರಾ?”

ಹಿಂದಿನ ಸೀಟಿನಿಂದ ಅತ್ತೆ ಹೇಳಿದರು: “ಮನೇನ ಒಡಿಬ್ಯಾಡ ಕಣೋ. ಶೆಡ್ ಆಚಿಕೆ ಆಕು.”

ಹಾಗೆಯೇ ಆಯಿತು. ಶೆಡ್ಡು ಹೊಲದ ಆ ತುದಿಗೆ ಹೋಯಿತು, ಗಾಳಿ ಮನೆಯ ಕಡೆ ಬೀಸದ ದಿಕ್ಕಿಗೆ. ಮೂರು ಕಡೆ ಗೋಡೆಯಿಲ್ಲದೆ ಬಿಟ್ಟರು. ಮಾವ ಕೈಗೆ ಪಾಲಿಥೀನ್ ಚೀಲ ಕಟ್ಟಿಕೊಂಡು, ಬೇಕಾದಷ್ಟನ್ನೇ ತಗಡಿನ ಮುಚ್ಚಳದಲ್ಲಿ ಕಡ್ಡಿಯಿಂದ ಕಲಸಿ, ಉಬ್ಬಿ ಬಂದದ್ದನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಹೂಳುತ್ತಿದ್ದರು. ಹಲಗೆ ಚೆನ್ನಾಗಿ ಗಟ್ಟಿಯಾಗುವವರೆಗೂ ಉಜ್ಜುತ್ತಿರಲಿಲ್ಲ, ಉಜ್ಜುವಾಗ ಮೂಗು ಬಾಯಿಗೆ ಬಟ್ಟೆ. ಕೆಲಸ ಮುಗಿದರೆ ಬಾವಿಯ ಹತ್ತಿರ ಸೋಪು ಹಾಕಿ ಮಿಂದು, ಬೇರೆ ಬಟ್ಟೆ ಉಟ್ಟು ಮನೆಗೆ ಬರುವುದು. ಕೆಲಸದ ಬಟ್ಟೆಯನ್ನು ಅವರೇ ಒಗೆದುಕೊಳ್ಳುತ್ತಿದ್ದರು. ಹೆಂಡತಿಯಿರುವ ಗಂಡಸು ಬಟ್ಟೆ ಒಗೆಯುವುದನ್ನು ನೋಡಲು ಊರಿನವರು ನೆಪ ಮಾಡಿಕೊಂಡು ಬಾವಿಗೆ ಬಂದರು. ಅತ್ತೆ ಅವರಿಗೆಲ್ಲ, “ನೋಡ್ಕೊಳಿ, ನೀವೂ ಕಲ್ತ್ಕೊಳಿ,” ಎಂದು ಕೂಗಿ ಹೇಳುತ್ತಿದ್ದರು.

ನನಗೆ ಆ ಕೆಲಸ ಬಿಟ್ಟದ್ದು ಸುಲಭವಾಗಲಿಲ್ಲ. ದೂರದಿಂದ ಸುತ್ತಿಗೆ ಸದ್ದು ಕೇಳಿದರೆ ಕೈ ಚಡಪಡಿಸುತ್ತಿತ್ತು. ಮೆಲ್ಲಗೆ ಹಿತ್ತಾಳೆ ತಗಡಿನ ಮೇಲೆ ಅಕ್ಷರ ಬರೆಯುವುದು, ಸಣ್ಣ ಗರಗಸದಲ್ಲಿ ಕೊರೆಯುವುದನ್ನು ಕಲಿತೆ. ಅದನ್ನು ಜಗುಲಿಯಲ್ಲೇ ಕುಳಿತು ಮಾಡಬಹುದಿತ್ತು. ಮೈ ಆಮೇಲೂ ಆಗಾಗ ಕೆರಳುತ್ತಿತ್ತು. ನೆಂಟರ ಮನೆಯಲ್ಲಿ ಆಗಷ್ಟೇ ಅಂಟು ಹಾಕಿ ರಿಪೇರಿ ಮಾಡಿದ ಕುರ್ಚಿಯ ಕೈ ಹಿಡಿದು ಕುಳಿತರೆ ಸಾಕು, ಮಾರನೆಯ ದಿನ ಬೆರಳಲ್ಲಿ ನವೆ. ಈಗಲೂ ಹೊಸ ಜಾಗಕ್ಕೆ ಹೋದರೆ ಮೊದಲು ಮೂಗು ಎಳೆದು ನೋಡುತ್ತೇನೆ. ಇದು ವಾಸಿಯಾಗಿಲ್ಲ. ನಾನೂ ನನ್ನ ಕಾಯಿಲೆಯೂ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದೇವೆ.

ಕೆಲವು ವರ್ಷಗಳ ಮೇಲೆ ಶಂಕಗಿರಿಯಲ್ಲಿ ಮಾವನ ಜೊತೆ ಕೆಲಸ ಮಾಡಿದ್ದ ಬಡಗಿಯೊಬ್ಬರು ಹೇಳಿ ಕಳಿಸಿದರು. ಅವರ ಮನೆಯಲ್ಲೂ ಇದೇ ಅಂಟಿನ ಕೆಲಸ, ಹೆಂಡತಿಯ ಮುಖ ಊದಿದೆ, ಯಾರಿಗೂ ಮುಖ ತೋರಿಸುತ್ತಿಲ್ಲ ಎಂದು. ಇಬ್ಬರೂ ಹೋದೆವು. ಮಾವ ಹೊರಗೆ ಜಗುಲಿಯಲ್ಲಿ ಕುಳಿತರು. ಆಕೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಚಾಪೆಯ ಮೇಲೆ ಕುಳಿತು, ನನ್ನ ಕಥೆಯನ್ನೆಲ್ಲ ಹೇಳಿದೆ. ಸೇಲಂಗೆ ಹೋಗಿ ತೋರಿಸು, ಡಬ್ಬಿಗಳನ್ನೂ ತೆಗೆದುಕೊಂಡು ಹೋಗು ಎಂದೆ. ಆಕೆ ಎಲ್ಲ ಕೇಳಿಸಿಕೊಂಡು, ತಿರುಗದೆಯೇ ಒಂದೇ ಮಾತು ಕೇಳಿದಳು.

“ಅಕ್ಕಾ, ಇಷ್ಟೆಲ್ಲಾ ಆದ್ಮೇಲೆ ನಿಮ್ಮೋರು ನಿಮ್ಮನ್ನ ಬಿಟ್ಟಾಕ್ಲಿಲ್ವಾ?”

“ಒರಗೆ ಜಗುಲಿ ಮೇಲೆ ಕುಂತವ್ರೆ,” ಎಂದೆ. “ಕರೀಲಾ? ನೀನೇ ಕೇಳು.”

ಆಕೆ ನನ್ನ ಕಡೆ ತಿರುಗಿದಳು. ಊದಿದ ರೆಪ್ಪೆಗಳ ಸಂದಿಯಿಂದ ನನ್ನ ಮುಖವನ್ನು ಹುಡುಕಿ ನೋಡಿದಳು. ಆಮೇಲೆ ನಿಧಾನವಾಗಿ ಎದ್ದು ಕುಳಿತು, ಕೆದರಿದ ಕೂದಲನ್ನು ಎರಡೂ ಕೈಯಲ್ಲಿ ಹಿಂದಕ್ಕೆ ತೀಡಿ ಗಂಟು ಹಾಕಿಕೊಂಡಳು.

“ಕರೀರಿ,” ಎಂದಳು.